ಕೈ ಮುಟ್ಟದ ಗ್ಲಾಸು

"ಮ್ಯಾಲಿಂದ ಬಿಡಪಾ, ನನ್ನ ಕೈ ತಾಗಬಾರದು!"

ಹುಲುಗಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೂತಿದ್ದ. ಬಾರ್ ಮಾಲೀಕ ಹೊನ್ನೂರುಸ್ವಾಮಿ ವಿಸ್ಕಿಯ ಪುಟ್ಟ ಗ್ಲಾಸನ್ನು ಬೀರಿನ ಮಗ್ಗಿನ ಮೇಲೆ ಹಿಡಿದು ಬೆರಳು ಸಡಿಲಿಸಿದ. ಡುಬುಕ್! ನೊರೆ ಉಕ್ಕಿ ಟೇಬಲ್ಲಿಗೆ ಹರಿಯಿತು. ಹುಲುಗಪ್ಪ ಬಗ್ಗಿ, ಸ್ಟ್ರಾ ಕಚ್ಚಿ, ಕಣ್ಣು ಮುಚ್ಚಿ ಎಳೆದ. ಸಂಡೂರಿನ ಗುಡ್ಡದಿಂದ ಅದಿರು ಲಾರಿ ಇಳಿಸುವ ಗಂಡಸು ಎಳನೀರು ಕುಡಿಯುವ ಮಗುವಿನ ಹಾಗೆ ಕಂಡರೆ ಕಾಣಲಿ, ಆಣೆ ಉಳಿಯಿತಲ್ಲ.

ಆಣೆ ಮಾಡಿಸಿದವಳು ಹೆಂಡತಿ ಉಚ್ಚೆಂಗಮ್ಮ. ಹುಲಿಗೆಮ್ಮನ ಗುಡಿಯಲ್ಲಿ ಕಾಯಿ ಮುಟ್ಟಿಸಿ, "ಈ ಕೈ ಇನ್ನ ಶೆರೆ ಗ್ಲಾಸು ಮುಟ್ಟಂಗಿಲ್ಲ" ಎಂದು ಹೇಳಿಸಿದ್ದಳು. ಮುಟ್ಟಿದರೆ ಟ್ರಂಕು ಎತ್ತಿಕೊಂಡು ಕಂಪ್ಲಿಗೆ, ತವರಿಗೆ. ಮತ್ತೆ ಬರುವುದಿಲ್ಲ. ಆಡಿದ್ದನ್ನು ಮಾಡುವವಳೇ ಅವಳು. ಅವಳಿಲ್ಲದ ಮನೆ ನೆನೆದರೆ ಹುಲುಗಪ್ಪನ ಎದೆ ಝಲ್ಲೆನ್ನುತ್ತಿತ್ತು. ಆದರೆ ಸಂಜೆಯಾದರೆ ಗಂಟಲು ಮಾತು ಕೇಳುತ್ತಿರಲಿಲ್ಲ.

ಉಪಾಯ ಹೇಳಿಕೊಟ್ಟವನು ಹೊನ್ನೂರುಸ್ವಾಮಿ. ಅವನೂ ಕಂಪ್ಲಿಯವನೇ. "ಕೈ ಅಂದೀಯಪಾ, ಬಾಯಿ ಅಂದಿಲ್ಲಲ್ಲ? ನೀ ಸುಮ್ನ ಕುಂದ್ರು, ಎಲ್ಲಾ ನಾ ನೋಡ್ಕೋತೀನಿ." ಅಂದಿನಿಂದ ಕೌಂಟರಿನ ಹಿಂದೆ ನಿಂತು ಬೀರು ಬಗ್ಗಿಸುವುದು, ವಿಸ್ಕಿ ಅಳೆಯುವುದು ಎಲ್ಲ ಅವನದೇ.

ಉಚ್ಚೆಂಗಮ್ಮನ ಮುಗ್ಧತೆಗೆ ಹುಲುಗಪ್ಪನಿಗೆ ಒಳಗೊಳಗೇ ನಗು. ಬಾರಿಗೆ ಬರೀ ಹರಟೆಗೆ ಹೋಗುತ್ತೇನೆಂದರೆ ನಂಬುತ್ತಾಳೆ. ಸಾಲದ್ದಕ್ಕೆ ದಿನಾ ಸಂಜೆ ಫ್ಲಾಸ್ಕ್ ಬೇರೆ ಕೈಗಿಡುತ್ತಾಳೆ. "ಹೊನ್ನೂರಣ್ಣಗ ಕೆಮ್ಮಂತ್ರಿ. ಹಾಲು, ಸಕ್ಕರಿ ಹಾಕದ ಚಾ ಕಾಸೀನಿ, ಕೊಟ್ಟು ಬರ್ರಿ." ಹುಲುಗಪ್ಪ ಅದನ್ನು ಜೋಪಾನವಾಗಿ ತಂದುಕೊಡುತ್ತಾನೆ. ಹೊನ್ನೂರುಸ್ವಾಮಿ ಕೆಮ್ಮಿದ್ದನ್ನು ಒಮ್ಮೆಯೂ ಕೇಳಿಲ್ಲ. ಚಾ ಅಷ್ಟು ಗುಣ ಕೊಟ್ಟಿರಬೇಕು ಎಂದುಕೊಂಡಿದ್ದಾನೆ.

ಆ ಸಂಜೆ ಮಗ್ಗಿನ ಮೇಲೆ ಮಗ್ಗು ಖಾಲಿಯಾಯಿತು. ಚಿತ್ತವಾಡ್ಗಿಯ ಓಣಿಯಲ್ಲಿ ಗೋಡೆ ಹಿಡಿದು, ಲೈಟು ಕಂಬಕ್ಕೆ ನಮಸ್ಕಾರ ಹೇಳಿ, ಖಾಲಿ ಫ್ಲಾಸ್ಕ್ ಸಮೇತ ಮನೆ ಸೇರಿದ. ಉಚ್ಚೆಂಗಮ್ಮ ಹತ್ತಿರ ಬಂದು ಬಾಯಿ ಮೂಸಿದಳು. ಹುಲುಗಪ್ಪ ಉಸಿರು ಬಿಗಿಹಿಡಿದ. ಕಣ್ಣ ಮುಂದೆ ಟ್ರಂಕು ಬಂತು.

"ಏನೂ ವಾಸನಿ ಇಲ್ಲ ಬಿಡ್ರಿ," ಎಂದಳು.

ದಾರಿಯಲ್ಲಿ ಅಗಿದ ಸೋಂಪು ಮಾನ ಉಳಿಸಿತು! ಹುಲುಗಪ್ಪ ನಗುತ್ತಲೇ ಚಾಪೆಗೆ ಉರುಳಿ ಗೊರಕೆ ಹೊಡೆಯತೊಡಗಿದ.

ಉಚ್ಚೆಂಗಮ್ಮ ಫ್ಲಾಸ್ಕ್ ತೊಳೆದು ಬೋರಲು ಹಾಕಿ, ಫೋನ್ ಹಚ್ಚಿದಳು.

"ಹೊನ್ನೂರಣ್ಣಾ, ಆ ಅಮಲಿಲ್ಲದ ಬೀರು ಇನ್ನೊಂದು ಪೆಟ್ಟಿಗಿ ತರ್ಸಿಡು. ಮತ್ತ, ಇವತ್ತು ಭಾಳ ತೂರಾಡ್ಕೋತ ಬಂದಾರ, ನಾಳಿಂದ ವಿಸ್ಕಿಗೆ ಚಾಪುಡಿ ಸ್ವಲ್ಪ ಕಮ್ಮಿ ಹಾಕ್ತೀನಿ."