ಡಬ್ಬಿಯಲ್ಲಿದ್ದ ಹಾಡು

ಮಧ್ಯಾಹ್ನ ಮೂರೂಕಾಲು. ಇಂದಿಗೆ ಮುಚ್ಚಲಿದ್ದ ಕೊಲ್ಹಾಪುರದ ಟಾಕೀಸಿನ ಕಟ್ಟಕಡೆಯ ಆಟಕ್ಕೆ ಹದಿನೈದು ನಿಮಿಷವಿತ್ತು. ಆ ಆಟದಲ್ಲಿ ತೋರಿಸಲಿದ್ದ ಹಳೆಯ ಸಂಗೀತಚಿತ್ರದ ಕೋರಸ್‌ನಲ್ಲಿ ಹಾಡಿದ್ದ ಕುಮುದಬಾಯಿ ಆಪರೇಟರ್ ದತ್ತೋಬಾನ ಕೋಣೆಗೆ ಮೆಟ್ಟಿಲು ಹತ್ತಿ ಬಂದರು. ಹಿಂದೆ, ದಿನಕ್ಕೊಂದು ಆಟ ಹೆಚ್ಚಿಗೆ ನಡೆಸಲು ದತ್ತೋಬಾ ಅವರ ಹಾಡನ್ನೇ ಕತ್ತರಿಸಿ ಡಬ್ಬಿಗೆ ಹಾಕಿದ್ದ. ಅದನ್ನು ಅವರು ತೆರೆಯ ಮೇಲೆ ನೋಡಿಯೇ ಇರಲಿಲ್ಲ.

"ಇವತ್ತೂ ಕತ್ತರೀನೇನೋ, ದರ್ಜಿ?"

"ಬೀಡಿ ಸೇದೋರೆಲ್ಲ ಆ ಹಾಡಿಗೇ ಎದ್ದು ಹೋಗ್ತಿದ್ರು ಅಕ್ಕಾ."

"ಅದಿಲ್ದೆ ನಾಯಕಿ ಗಂಡನ್ನ ಯಾಕೆ ಕ್ಷಮಿಸಿದ್ಲು ಅಂತ ಹೇಗೋ ಗೊತ್ತಾಗತ್ತೆ?"

ದತ್ತೋಬಾ ಡಬ್ಬಿ ತೆರೆದು, ಒಣಗಿದ್ದ ಫಿಲ್ಮಿನ ತುಂಡನ್ನು ಅದರ ಜಾಗಕ್ಕೆ ಅಂಟಿಸಿದ.

ಐದು ಗಂಟೆಗೆ ಹಾಡು ಬಂತು. ರೇಡಿಯೊದಲ್ಲಷ್ಟೇ ಅದನ್ನು ಕೇಳಿದ್ದ ಪ್ರೇಕ್ಷಕರೆಲ್ಲ ದನಿಗೂಡಿಸಿದರು. ಕುಮುದಬಾಯಿ ಮಾತ್ರ ಹಾಡದೆ, ಕೋಣೆಯ ಕಿಂಡಿಯಿಂದ ನೋಡುತ್ತ ನಿಂತರು.