ಹೆಬ್ಬೆಟ್ಟು

"ನಮಕ್ ಹರಾಮ್! ನನ್ನ ಮಸಾಲಿ ಗುಟ್ಟು ಯಾರಿಗೆ ಮಾರೀದಿ, ಬೊಗಳಲೇ!"

ಸಲಾವುದ್ದೀನ್ ಒದ್ದ ಒದೆಗೆ ಆಳು ರೇವಣ ಮೆಣಸಿನಕಾಯಿ ಚೀಲಗಳ ಮೇಲೆ ಬಿದ್ದ. ನೆಹರು ಗಂಜ್‌ನ ಮಸಾಲೆ ಗಿರಣಿ ಗಪ್ಪನೆ ನಿಂತಿತು.

"ನಾ ಏನೂ ಮಾಡಿಲ್ಲರೀ ಸೇಠ್ರ..."

ಬಿರಿಯಾನಿ ಮಸಾಲೆಯ ಅಳತೆ ಇದ್ದದ್ದು ಸಲಾವುದ್ದೀನನ ಫೋನಿನಲ್ಲಿ. ಕಮಲಾಪುರದ ಅತ್ತೆ, ಹೆಂಡತಿಯ ತಾಯಿ, ಸಾಯುವ ಮುಂಚೆ ಬಾಯಿಬಿಟ್ಟು ಹೇಳಿದ್ದನ್ನು ಅವನು ರೆಕಾರ್ಡ್ ಮಾಡಿಕೊಂಡಿದ್ದ. ಯಾರಿಗೂ ಕೇಳಿಸಿರಲಿಲ್ಲ, ಹೆಂಡತಿಗೂ. ಫೋನ್ ತೆರೆಯುತ್ತಿದ್ದುದು ಅವನ ಹೆಬ್ಬೆಟ್ಟಿಗೆ ಮಾತ್ರ. ನಿನ್ನೆ ಮಧ್ಯಾಹ್ನ ಹಿಂದಿನ ಖೋಲಿಯಲ್ಲಿ ಅವನು ಗೊರಕೆ ಹೊಡೆಯುವಾಗ ಆ ರೆಕಾರ್ಡಿಂಗ್ ಗುರುತಿಲ್ಲದ ನಂಬರಿಗೆ ಹೋಗಿತ್ತು. ಇವತ್ತು ಆ ನಂಬರಿಗೆ ಫೋನ್ ಹಚ್ಚಿದರೆ ಯಾರೂ ಮಾತಾಡಲಿಲ್ಲ. ಕಂಡಕ್ಟರನ ಕೂಗಷ್ಟೇ ಕೇಳಿಸಿತು: "ಕಮಲಾಪುರ, ಇಳೀರಿ!"

ರೇವಣನ ಊರು ಕಮಲಾಪುರ. ಇನ್ನೇನು ಸಾಕ್ಷಿ ಬೇಕು?

"ನಾ ಮಲಗಿದಾಗ ನನ್ನ ಹೆಬ್ಬೆಟ್ಟು ಹಿಡಿದು ಫೋನಿಗೆ ಒತ್ತೀದಿ! ಗುಟ್ಟು ಬಿಡಂಗಿಲ್ಲಂತ ಬಾಂಡ್ ಪೇಪರಿಗೆ ನಿನ್ನ ಹೆಬ್ಬೆಟ್ಟು ಒತ್ತಿದ್ದು ಮರತೀಯೇನಲೇ?"

ವಕೀಲ ಮಜರ್ ಬಾಗಿಲಲ್ಲೇ ನಿಂತಿದ್ದ. "ಹೊಡೀಬ್ಯಾಡ ಭಾಯ್, ಕೋರ್ಟಿಗೆ ಹೋಗೂಣು. ಆದ್ರ ಜಡ್ಜ್ ಮೊದ್ಲು ಕೇಳೋದು, ಆ ಗುಟ್ಟು ಯಾರದು ಅಂತ."

"ನಂದು!"

ಸಲಾವುದ್ದೀನ್ ರೇವಣನ ಕೈಯನ್ನು ತಕ್ಕಡಿಯ ಮೇಲೆ ಅದುಮಿ, ಐದು ಕಿಲೋ ಕಲ್ಲೆತ್ತಿ ಹೆಬ್ಬೆಟ್ಟಿಗೆ ಕುಟ್ಟಿದ. ಎಲುಬು ಲಟಕ್ಕೆಂದಿತು. ಚೀರಾಟಕ್ಕೆ ಹಮಾಲರು ಓಡಿ ಬಂದರು.

ಸಂಬಂಧಿಕರ ಮದುವೆಗೆ ಹೊರಟಿದ್ದ ಹೆಂಡತಿ ಇಕ್ಬಾಲ್ ಬೇಗಂ ಒಳಗಿನಿಂದ ಬಂದಳು. "ಬಿಡ್ರಿ ಅವನ್ನ. ಅವಗೇನೂ ಗೊತ್ತಿಲ್ಲ."

"ನಿನಗ ಗೊತ್ತೈತೇನು?" ಅವನ ಕೈ ಅವಳ ಕೆನ್ನೆಗೆ ಬಿತ್ತು.

ಅವಳು ಅಳಲಿಲ್ಲ. ನಿನ್ನೆ ಮೆಹಂದಿ ಹಚ್ಚಿಕೊಂಡಿದ್ದ ಕೈಯಿಂದಲೇ ದುಪಟ್ಟಾ ಹರಿದು ರೇವಣನ ಹೆಬ್ಬೆಟ್ಟಿಗೆ ಸುತ್ತಿದಳು. ಅವನನ್ನು ಆಟೋಕ್ಕೆ ಹತ್ತಿಸಿ ತಾನೂ ಹತ್ತಿದಳು. "ಮೊದ್ಲು ದವಾಖಾನಿ. ಆಮ್ಯಾಲ ಕಮಲಾಪುರದ ಬಸ್ಸಿಗೆ ಬಿಡಪ್ಪಾ."

"ಹೌದು, ಕಳ್ಳನ್ನ ಅವನ ಊರಿಗೇ ಬಿಟ್ಟು ಬಾ!"

"ಬರಂಗಿಲ್ಲರೀ," ಅಂದಳು. ಬರಲೂ ಇಲ್ಲ.

ಆಟೋ ತಿರುವು ದಾಟಿದ ಮೇಲೆ ಸಲಾವುದ್ದೀನ್ ನಳದ ಕೆಳಗೆ ಕೈ ತಿಕ್ಕಿದ. ರಕ್ತ ಹೋಯಿತು, ಖಾರಪುಡಿ ಹೋಯಿತು. ಅವನ ಹೆಬ್ಬೆಟ್ಟಿನ ಮೇಲೆ ನಿನ್ನೆಯಿಂದ ಇದ್ದ ಕೆಂಪು ಕಲೆ ಮಾತ್ರ ಹೋಗಲಿಲ್ಲ.

ಮೂಗಿಗೆ ಹಿಡಿದು ನೋಡಿದ. ಮೆಹಂದಿ.