ಬಿಳಿ ಡಬ್ಬಿಯ ಕಪ್ಪು ಕಲೆ

"ಎಂತ ಮಾಡ್ತಿದ್ದೀ ನೀನು!" ವಾಸುದೇವ ಕಿರುಚಿದ. ಅಷ್ಟರಲ್ಲಿ ಕಾಡಿಗೆ ಮೆತ್ತಿದ ನಾಗವೇಣಿಯ ಬೆರಳು ಬಿಳಿ ಡಬ್ಬಿಯ ಮೂಲೆಯನ್ನು ಮುಟ್ಟಿಯಾಗಿತ್ತು.

"ದೃಷ್ಟಿಬೊಟ್ಟು," ಎಂದಳು ಅವನ ಹೆಂಡತಿ. "ಅಷ್ಟು ದೂರ ಹೋಗುವ ವಸ್ತು, ಯಾರ್ಯಾರ ಕಣ್ಣು ಬೀಳ್ತದೋ. ಹೋದ ಎರಡು ಸಲವೂ ಇಟ್ಟೇ ಕಳಿಸಿದ್ದು."

ವಾಸುದೇವ ಕುರ್ಚಿಯಲ್ಲಿ ಕುಸಿದ. ಬರೋಡಾದ ಅವನ ಕಾರ್ಖಾನೆಯ, ಮುಖಕ್ಕೆ ಹಚ್ಚುವ ಸ್ನೋ ಜರ್ಮನಿಯಲ್ಲಿ ಮಾರಾಟವಾಗಬೇಕಾದರೆ ಅಲ್ಲಿನ ಪರೀಕ್ಷಕರು ಒಪ್ಪಬೇಕು. ಎರಡು ಸಲವೂ ಅವರು ಸ್ಯಾಂಪಲ್ ಡಬ್ಬಿಯನ್ನು ತೆರೆಯದೆಯೇ ವಾಪಸ್ ಕಳಿಸಿದ್ದರು: ಹೊರಗೆ ಕಪ್ಪು ಕಲೆ, ಶುಚಿತ್ವ ಸಾಲದು. ಆ ದರಿದ್ರ ಕಲೆ ಎಲ್ಲಿಂದ ಬರುತ್ತಿದೆಯೆಂದು ತಲೆ ಕೆಡಿಸಿಕೊಂಡು, ಕೆಮಿಸ್ಟನಾದ ಅವನು ಯಂತ್ರ ತೊಳೆಸಿದ, ರಟ್ಟು ಬದಲಿಸಿದ, ಗೋಡೆಗೆಲ್ಲ ಸುಣ್ಣ ಹೊಡೆಸಿದ. ಕೊನೆಗೆ, ಕೈ ತೊಳೆಯದೆ ಪ್ಯಾಕ್ ಮಾಡುತ್ತಾಳೆಂದು ಎಲ್ಲರೆದುರು ಬೈದು ಮಣಿಬೆನ್‌ಳನ್ನು ಕೆಲಸದಿಂದಲೇ ತೆಗೆಸಿದ್ದ. ಹೋಗುವಾಗ ಅವಳು ಎರಡೂ ಅಂಗೈಗಳನ್ನು ಅವನ ಮುಖದೆದುರು ಚಾಚಿದ್ದಳು. ಅವನು ನೋಡಿರಲಿಲ್ಲ. ಕಾರ್ಖಾನೆಯ ಧೂಳು ತಾಗದಿರಲೆಂದು ಪ್ರತಿ ಸಲವೂ ಡಬ್ಬಿಯನ್ನು ಮನೆಗೆ ತಂದಿಟ್ಟವನು ಅವನೇ.

"ಒರೆಸಿ ಕೊಡ್ಲಾ?" ನಾಗವೇಣಿ ಸೆರಗಿನ ತುದಿ ಹಿಡಿದು ಮೆಲ್ಲಗೆ ಕೇಳಿದಳು.

"ಡಬ್ಬಿ ಅತ್ಲಾಗಿರ್ಲಿ ಮಾರಾಯ್ತಿ," ಎಂದು ಅವನು ಎದ್ದು, ಬಗ್ಗಿ ಅವಳಿಗೆ ಕೆನ್ನೆಯೊಡ್ಡಿದ. "ಆ ಬೊಟ್ಟು ನಂಗೇ ಇಡು. ನಾನೀಗ ಮಣಿಬೆನ್ ಮನೆಗೆ ಹೋಗ್ಬೇಕು."